ವಾರಂಟಿ ಮುಗಿದ ಎಂಟನೇ ದಿನ

ಲ್ಯಾಪ್‌ಟಾಪ್ ಕೆಟ್ಟಿತೆಂದು ಬಿಂದುಮಾಧವನಿಗೆ ಅಷ್ಟೇನೂ ಸಿಟ್ಟು ಬಂದಿರಲಿಲ್ಲ. ಶಿವರುದ್ರಪ್ಪ ಮರಾಠಿಯಲ್ಲಿ ಮಾತಾಡಿದನಲ್ಲ, ಅದಕ್ಕೆ ಬಂತು.

2007ರ ಮಾತು. ಬಿಂದುಮಾಧವ ವಿಜಾಪುರದ ಕಡೆಯವನು. ನಲವತ್ತೆಂಟು ವಯಸ್ಸು, ಪುಣೆಯ ಕೊರಿಯರ್ ಕಚೇರಿಯಲ್ಲಿ ಗುಮಾಸ್ತಿಕೆ, ಸದಾಶಿವ ಪೇಠದ ಹಳೆಯ ವಾಡೆಯಲ್ಲಿ ಒಂದು ಕೋಣೆ. ಮದುವೆ ಇಲ್ಲ, ಗೆಳೆಯರಿಲ್ಲ. ದಿನವಿಡೀ ಕಿವಿಗೆ ಮರಾಠಿ. ಕೋಣೆಗೆ ಬಂದರೆ ಅದೂ ಇಲ್ಲ. ಹಳೆಯ ಲ್ಯಾಪ್‌ಟಾಪುಗಳನ್ನು ರಿಪೇರಿ ಮಾಡಿ ಮಾರುವ ಶಿವರುದ್ರಪ್ಪ ಗುಲಬರ್ಗಾದವನೆಂದು ತಿಳಿದ ದಿನ ಅವನಿಗೆ ಹಬ್ಬವೇ ಆಗಿತ್ತು. "ಊಟ ಆತೇನ್ರಿ ಬಿಂದುರಾಯರ?" ಎಂಬ ಅವನ ಒಂದು ಕೂಗು ಕೇಳಲೆಂದೇ ಸುತ್ತು ಬಳಸಿ ಮನೆಗೆ ಹೋಗುತ್ತಿದ್ದ.

ಜುಲೈನಲ್ಲಿ ಅಲ್ಲಿಂದಲೇ ಒಂದು ಲ್ಯಾಪ್‌ಟಾಪ್ ಕೊಂಡ, ಮೂರು ತಿಂಗಳ ವಾರಂಟಿ. ಸಂಜೆ ಅದರಲ್ಲಿ ಕನ್ನಡ ಸಿನಿಮಾ ಹಾಕಿ, ಅದರೆದುರು ಕೂತೇ ಊಟ. ದಸರೆಗೆ ಶಿವರುದ್ರಪ್ಪ ಅಂಗಡಿ ಪೂಜೆಗೆ ಕರೆದ, ಪೇಢೆ ಕೊಟ್ಟ, ಕಾಗದದಲ್ಲಿ ಕುಂಕುಮದ ಅಕ್ಷತೆ ಕಟ್ಟಿಕೊಟ್ಟು, "ಮನ್ಯಾಗಿನ ಮಷೀನಿಗೂ ಹಾಕ್ರಿ" ಎಂದ. ಪೂಜೆ ಮಾಡಲು ಕೋಣೆಯಲ್ಲಿ ಬೇರೇನಿತ್ತು? ಹಾಕಿದ, ಕೈಮುಗಿದ, ಮರುದಿನ ಒರೆಸಿಟ್ಟ.

ವಾರಂಟಿ ಮುಗಿದ ಎಂಟನೇ ದಿನ ಪರದೆ ಕಪ್ಪಾಯಿತು. ಎದೆಗವಚಿಕೊಂಡು ಓಡಿದ. ಅಂಗಡಿಯಲ್ಲಿ ಗಿರಾಕಿಗಳ ಗದ್ದಲ. ಶಿವರುದ್ರಪ್ಪ ಬಟನ್ ಒತ್ತಿ ನೋಡಿದ, ಬಿಚ್ಚಿ ಸಹ ನೋಡಲಿಲ್ಲ. "ಬೋರ್ಡ್ ಗೇಲಾ. ವಾರಂಟಿ ಸಂಪಲೀ, ಸಾಹೇಬ" ಎಂದವನೇ ಮುಂದಿನವನತ್ತ ತಿರುಗಿದ.

ಬೋರ್ಡ್ ಹೋಯಿತು, ಸರಿ. ವಾರಂಟಿ ಮುಗಿಯಿತು, ಅದೂ ಸರಿ. ಆದರೆ ಸಾಹೇಬ? ದಾರಿಯಲ್ಲಿ ಹೋಗುವವನಿಗೆ ಹೇಳಿದ ಹಾಗೆ? ಬಿಡಬಾರದು ಇವನನ್ನು ಎಂದುಕೊಂಡ.

ದಾರಿ ಅಂಗಡಿಯ ಫಲಕದಲ್ಲೇ ಇತ್ತು: ಎಂಟು ದಿನದೊಳಗೆ ಕೆಟ್ಟರೆ ಹಣ ವಾಪಸು. ಹಳೆಯ ಮಷೀನುಗಳ ಕೆಳಭಾಗದಲ್ಲಿ ಕಂಪನಿಯ ನಂಬರು ಸವೆದುಹೋಗಿರುತ್ತದೆ. ಗುರುತೆಂದರೆ ತಾರೀಖು, ಸಹಿ ಹಾಕಿ ಅಲ್ಲಿ ಅಂಟಿಸಿದ ಅಂಗಡಿಯ ಚೀಟಿಯೊಂದೇ. ಅದೇ ಮಾದರಿಯ ಇನ್ನೊಂದನ್ನು ಕೊಳ್ಳುವುದು, ಅದರ ಚೀಟಿಯನ್ನು ಸತ್ತದ್ದಕ್ಕೆ ಅಂಟಿಸುವುದು, ಸತ್ತದ್ದನ್ನು ಮರಳಿಸಿ ಹಣ ಪಡೆಯುವುದು. ಒಳ್ಳೆಯದು ಕೋಣೆಯಲ್ಲೇ ಉಳಿಯುತ್ತದೆ. ಅಬ್ಬಾ, ಇಂಥ ತಲೆ ಗುಮಾಸ್ತಿಕೆಯಲ್ಲಿ ಸವೆಯುತ್ತಿದೆಯಲ್ಲ ಎಂದು ತನ್ನ ಮೇಲೆ ತನಗೇ ಕನಿಕರ ಬಂತು.

ದೀಪಾವಳಿ ಮುಗಿದ ವಾರ ಮುಂಬೈಯಿಂದ ಅದೇ ಮಾದರಿಯ ಮಷೀನುಗಳ ಹೊಸ ಲಾಟು ಬಂತು. ಬಿಂದುಮಾಧವ ಹೋದ.

"ಹಳೇದು ಗುಜರಿಗೆ ಹಾಕಿದೆ. ಅಂಥಾದ್ದ ಇನ್ನೊಂದು ಕೊಡ್ರಿ."

"ಅವತ್ತು ಗದ್ದಲದಾಗ ನಿಮ್ಮ ಮಾರಿ ಸಹಿತ ನೋಡಲಿಲ್ಲ ನಾನು," ಎಂದ ಶಿವರುದ್ರಪ್ಪ. "ಮನಸಿಗೆ ಹಚ್ಚಿಕೋಬ್ಯಾಡ್ರಿ. ಐನೂರು ಕಮ್ಮಿ ಕೊಡ್ರಿ."

ಬಿಂದುಮಾಧವನಿಗೆ ಒಂದು ಗಳಿಗೆ ಎಲ್ಲವನ್ನೂ ಬಿಟ್ಟುಬಿಡೋಣ ಅನಿಸಿತು. ಆದರೆ ಇಷ್ಟು ಚೆಂದದ ಯೋಜನೆಯನ್ನು ಐನೂರು ರೂಪಾಯಿಗೆ ಬಿಡುವುದೇ?

ಕೊಂಡುತಂದದ್ದನ್ನು ಚಹಾ ಪಾತ್ರೆಯ ಹಬೆಗೆ ಹಿಡಿದಾಗ ಅದರ ಚೀಟಿ ಹರಿಯದೆ ಎದ್ದುಬಂತು. ಸತ್ತದ್ದರ ಹಳೆಯ ಚೀಟಿ ಕಿತ್ತು ಅಲ್ಲಿ ಇದನ್ನು ಅಂಟಿಸಿದ. ಹೊಸದರ ಮುಚ್ಚಳದ ಎಡಮೂಲೆಯಲ್ಲೊಂದು ಗೀರಿತ್ತು. ಸತ್ತದ್ದಕ್ಕೂ ಮೊಳೆಯಿಂದ ಅಷ್ಟೇ ಉದ್ದದ ಗೀರು ಎಳೆದ. ತಾನು ತಿಂದ ಚುರುಮುರಿಯ ಪುಡಿ ಉಳಿಯದಿರಲೆಂದು ಕೀಲಿಗಳ ಸಂದುಗಳನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಒತ್ತಿ ಒತ್ತಿ ತಿಕ್ಕಿದ. ಮರುದಿನವೇ ಹೋದರೆ ಸಂಶಯ ಬರುತ್ತದೆಂದು ನಾಲ್ಕು ದಿನ ಕಾದ. ಕನ್ನಡಿಯೆದುರು ಬೇಸರದ ಮುಖ ಮಾಡಿ ಅಭ್ಯಾಸ ಮಾಡಿಕೊಂಡ.

"ಇದೂ ಹೋತಲ್ರಿ!"

ಶಿವರುದ್ರಪ್ಪ ಚೀಟಿ ನೋಡಿದ, ಗೀರು ನೋಡಿದ, ಹಣೆ ಬಡಿದುಕೊಂಡ. "ನಿಮ್ಮ ನಸೀಬ ಸುಮಾರ ಅದ ನೋಡ್ರಿ. ಚಿಂತಿ ಮಾಡಬ್ಯಾಡ್ರಿ, ರೊಕ್ಕ ಕೊಡ್ತೀನಿ. ಚಹಾ ಹೇಳಲೇನು?" ಎಂದು ಹಣ ಎಣಿಸಿ ಗಲ್ಲೆಯ ಮೇಲಿಟ್ಟ. ಬಿಂದುಮಾಧವನಿಗೆ ಹಾಯೆನಿಸಿತು. ಹಣವೂ ಬಂತು, ಚಹಾವೂ ಬರುತ್ತದೆ, ನಾಳೆ ಈ ದಾರಿಯಲ್ಲೇ ಹೋಗಬಹುದು.

"ಅವತ್ತು ಬಿಚ್ಚಿ ಸಹಿತ ನೋಡಲಿಲ್ಲಂತ ನಿಮಗ ಬ್ಯಾಸರಾಗಿರಬೇಕು. ಇವತ್ತರ ನೋಡೂಣು," ಎಂದು ಶಿವರುದ್ರಪ್ಪ ಸ್ಕ್ರೂ ತಿರುಗಿಸಿ ಕೀಲಿಗಳ ಹಲಗೆ ಎತ್ತಿದ. ಕೆಳಗೆ ಆರೇಳು ಅಕ್ಕಿಕಾಳು, ಕುಂಕುಮ ಹತ್ತಿದವು. ಒಂದನ್ನು ಬೆರಳ ತುದಿಗೆ ಎತ್ತಿಕೊಂಡು ಬೆಳಕಿಗೆ ಹಿಡಿದ. "ಬಿಂದುರಾಯರ, ಈ ಲಾಟ್ ಬಂದಿದ್ದ ದೀಪಾವಳಿ ಆದಮ್ಯಾಲೆ," ಎಂದ ಮೆಲ್ಲಗೆ, "ನಾ ನಿಮಗ ಅಕ್ಷತಿ ಕೊಟ್ಟಿದ್ದು ದಸರಾಕ್ಕ." ಶಿವರುದ್ರಪ್ಪ ಹಣವನ್ನು ಮತ್ತೆ ಗಲ್ಲೆಯೊಳಗೆ ಹಾಕಿದ. ಲ್ಯಾಪ್‌ಟಾಪನ್ನು ಮುಚ್ಚಿ ಬಿಂದುಮಾಧವನತ್ತ ಸರಿಸಿದ. "ಘ್ಯಾ, ಸಾಹೇಬ" ಎಂದ, ತಗೊಳ್ಳಿ ಎಂದು ಯಾರೋ ಗಿರಾಕಿಗೆ ಹೇಳುವಂತೆ.