ಮೇಲಕ್ಕೆ ಸುರಿದ ಕೆಸರು

ರೇಡಿಯೇಟರಿನ ನೀರೆಲ್ಲ ನೆಲದ ಮೇಲಿತ್ತು.

ಬೆಳಿಗ್ಗೆ ಆರೂವರೆ. ಹನ್ನೊಂದಕ್ಕೆ ರೇಸು. ತುಡಿಯಲೂರಿನ ಮಾಯಣ್ಣನ ವರ್ಕ್‌ಶಾಪಿನಲ್ಲಿ ನನ್ನ ಅಕ್ಕನ ಮಗ ರಾಜಾಮಣಿ ತನ್ನ ರೇಸ್ ಬೈಕಿನ ಮುಂದೆ ನಿಂತು ಕೂಗಾಡುತ್ತಿದ್ದ. ಮೆಕ್ಯಾನಿಕ್ ಮಾಯಣ್ಣ ತಲೆ ಮೇಲೆ ಕೈ ಹೊತ್ತು ಕೂತಿದ್ದ.

"ನೋಡು ಮಾಮಾ! ಇವನು ಮಾಡಿದ ಜಾಲರಿ ನಂಬಿ ನಾನು ಕೆಟ್ಟೆ. ನಿನ್ನೆ ಪ್ರಾಕ್ಟೀಸಲ್ಲಿ ಕಲ್ಲು ಹೊಡೆದಿದೆ, ರಾತ್ರಿಯೆಲ್ಲ ಸೋರಿದೆ. ಇನ್ನು ಈ ಪಟ್ಟರೆಗೆ ಒಬ್ಬನೂ ವಂಡಿ ಬಿಡಬಾರದು, ಹಾಗೆ ಮಾಡ್ತೀನಿ!"

ತಮಿಳರ ಊರಲ್ಲಿ ಬೆಳೆದವನಿಗೆ ವರ್ಕ್‌ಶಾಪು ಪಟ್ಟರೆ, ಬೈಕು ವಂಡಿ. ವಾರಕ್ಕೊಂದು ಭಾನುವಾರ ನನಗೆ. ಆರು ದಿನ ಗಾಂಧಿಪುರಂನ ಅಂಗಡಿಯಲ್ಲಿ ನಟ್ಟು ಬೋಲ್ಟು ಮಾರಿ ಸಾಕಾಗಿರುತ್ತದೆ. ಅವತ್ತೂ ಈ ಗೋಳು! ಜೊತೆಗೆ ನನ್ನ ಹೆಂಡತಿ ಪಂಕಜಂ. ಪೀಳಮೇಡಿನ ಮಿಲ್ಲೊಂದರಲ್ಲಿ ನೇಯ್ದ ಬಟ್ಟೆಯನ್ನು ಬೆಳಕಿಗೆ ಹಿಡಿದು ದೋಷ ಹುಡುಕುವುದು ಅವಳ ಕೆಲಸ. ಹದಿನೆಂಟು ವರ್ಷ ಬಟ್ಟೆಯಲ್ಲಿ ಹುಡುಕಿ, ಮಿಕ್ಕ ಹೊತ್ತಿನಲ್ಲಿ ನನ್ನಲ್ಲಿ ಹುಡುಕುತ್ತಾಳೆ.

ಎಂಬತ್ತೆಂಟರಲ್ಲಿ ನಮ್ಮ ಕಡೆ ನೀರು ತಣಿಸುವ ಎಂಜಿನ್ನಿನ ಬೈಕು ಎಂದರೆ ಅಪರೂಪ. ಜಪಾನಿನ ಹಳೆಯ ರೇಸ್ ಗಾಡಿ ಅದು. ರೇಡಿಯೇಟರಿಗೆ ಅಡ್ಡ ಕಟ್ಟುವ ಜಾಲರಿ ಎಲ್ಲೂ ಸಿಗದು. ಆಗ ನಾನೇ ಅಪ್ಪನ ಮಗ್ಗದ ಹಳೆಯ ಹಣಿಗೆ ಕೊಟ್ಟಿದ್ದೆ — ಉಕ್ಕಿನ ಹಲ್ಲುಗಳನ್ನು ಒತ್ತೊತ್ತಾಗಿ ಕೂರಿಸಿದ, ಬಾಚಣಿಗೆಯಂಥ ಪಟ್ಟಿ. ಮಾಯಣ್ಣ ಅದನ್ನು ಅಳತೆಗೆ ಕತ್ತರಿಸಿ, ಚೌಕಟ್ಟು ಬೆಸೆದು, ನಾಲ್ಕು ಮೂಲೆಗೆ ನಾಲ್ಕು ಬೋಲ್ಟು ಹಾಕಿದ. ಗಾಳಿ ನುಗ್ಗುತ್ತದೆ, ಕಲ್ಲು ನುಗ್ಗುವುದಿಲ್ಲ. ನೋಡಿದ ಆರು ಜನ ರೇಸಿನವರು ತಮಗೂ ಬೇಕೆಂದಿದ್ದರು. ಗದ್ದೆ ಕೆಲಸ ಬಿಟ್ಟು ಸ್ಪಾನರ್ ಹಿಡಿದವನಿಗೆ ಸಿಕ್ಕ ಮೊದಲ ಹೆಸರು ಅದು. ಈಗ ಅದೇ ಮಣ್ಣುಪಾಲಾಗುತ್ತಿತ್ತು.

ನಾನು ಬಗ್ಗಿ ನೋಡಿದೆ. ಒಂದು ಹಲ್ಲೂ ಬಾಗಿಲ್ಲ. ಮೈಯೆಲ್ಲ ಒಣಗಿದ ಕೆಂಪು ಕೆಸರು. ಬಲತುದಿಯಲ್ಲಿ ಅಪ್ಪ ಹಚ್ಚಿದ್ದ ಹಸಿರು ಬಣ್ಣದ ಚುಕ್ಕೆ, ಇರಬೇಕಾದ ಕಡೆಯೇ. ನನಗೇನೂ ತಪ್ಪು ಕಾಣಲಿಲ್ಲ.

"ಜಾಲರಿ ಬಿಚ್ಚು ಮಾಯಣ್ಣ," ಎಂದಳು ಪಂಕಜಂ.

ಬಿಚ್ಚಿದ. ಹಿಂದೆ ರೇಡಿಯೇಟರಿನಲ್ಲಿ ದುಂಡನೆಯ ತೂತು — ಪೆನ್ಸಿಲ್ ತೂರುವಷ್ಟು.

"ಈ ಹಲ್ಲಿನ ಸಂದಿನಲ್ಲಿ ಪೆನ್ಸಿಲ್ ತೂರುತ್ತಾ?"

ತೂರಲಿಲ್ಲ. ಅವಳು ತನ್ನ ಹೇರ್‌ಪಿನ್ ತೆಗೆದು ಹಾಕಿದಳು. ಅದು ಮಾತ್ರ ತೂರಿತು.

"ಹಾಗಾದ್ರೆ ಕಲ್ಲಲ್ಲ. ಯಾರೋ ಜಾಲರಿ ಬಿಚ್ಚಿ, ಚುಚ್ಚಿ, ತಿರುಗಿ ಹಾಕಿದ್ದಾರೆ. ಕೀಲಿ ಎಲ್ಲಿಡ್ತೀಯ?"

"ಮೀಟರ್ ಪೆಟ್ಟಿಗೆ ಮೇಲೆ, ಅಕ್ಕಾ. ಎಲ್ಲರಿಗೂ ಗೊತ್ತು."

"ನಿನ್ನೆ ಸಾಯಂಕಾಲ ಯಾರು ಬಂದಿದ್ರು?"

"ಆರುಮುಗಂ."

ರಾಜಾಮಣಿ ಚಪ್ಪಾಳೆ ತಟ್ಟಿದ. "ಅವನೇ! ಎರಡು ವರ್ಷದಿಂದ ನನ್ನ ಹಿಂದೆ ಎರಡನೇದಾಗೇ ಬರ್ತಿದ್ದಾನಲ್ಲ! ಇಲ್ಲಾಂದ್ರೆ ಈ ಮಾಯಣ್ಣನ್ನೇ ಅವನು ಕೊಂಡುಕೊಂಡಿರ್ಬೇಕು."

"ಏಯ್!" ಮಾಯಣ್ಣ ಎದ್ದು ನಿಂತ. "ಆ ಜಾಲರಿಗೆ ಹದಿನೈದು ದಿನ ನಿದ್ದೆ ಬಿಟ್ಟಿದ್ದೀನಿ ಕಣೋ!"

ಆರುಮುಗಂ ಹೊರಗೆ ಗೇಟಿನ ಹತ್ತಿರ ಬೇರೆ ರೇಸಿನವರ ಜೊತೆ ನಿಂತಿದ್ದ. ಕರೆಸಿದೆವು.

"ನಿನ್ನೆ ಯಾಕಪ್ಪ ಬಂದಿದ್ದೆ?" ಎಂದಳು ಪಂಕಜಂ.

"ನನಗೂ ಒಂದು ಜಾಲರಿ ಬೇಕಿತ್ತು ಅಕ್ಕಾ. ಇವನಿಲ್ಲದೆ ಗೆದ್ದು ನಾನು ಏನ್ ಮಾಡ್ಲಿ? ಊರೋರು ನಗ್ತಾರೆ."

ನಿಜವೋ ನಾಟಕವೋ? ನನಗಂತೂ ಅವನ ಮೇಲೇ ಅನುಮಾನ. ಪಂಕಜಂ ಮಾತ್ರ ಅವನ ಮುಖ ನೋಡಲೇ ಇಲ್ಲ. ಹಣಿಗೆಯನ್ನು ಗಾಡಿಯಲ್ಲಿ ಇದ್ದ ಹಾಗೇ, ಚುಕ್ಕೆ ಬಲಕ್ಕೆ ಬರುವಂತೆ, ಬಾಗಿಲ ಬೆಳಕಿಗೆ ಹಿಡಿದು ನಿಂತಿದ್ದಳು.

"ರೀ, ಕೆಸರು ಎತ್ತ ಸುರಿದಿದೆ ನೋಡಿ."

ನೋಡಿದೆ. ಕೆಸರಿನ ಹನಿಗಳು ಇಳಿದು ಇಳಿದು ಒಣಗಿದ ಗೆರೆಗಳು. ಆದರೆ ಗೆರೆಯ ತುದಿಗಳೆಲ್ಲ ಮೇಲಕ್ಕಿವೆ!

"ಕೆಸರು ಮೇಲಕ್ಕೆ ಸುರಿಯುತ್ತಾ?" ಎಂದೆ.

"ಇಲ್ಲ. ನಿನ್ನೆ ಕೆಸರು ಬಿದ್ದಾಗ ಜಾಲರಿ ಸರಿಯಾಗಿತ್ತು. ಬಿಚ್ಚಿದವನು ತಲೆಕೆಳಗು ಮಾಡಿ ಹಾಕಿದ್ದಾನೆ. ಮಾಯಣ್ಣ, ನೀನು ಹಾಕಿದಾಗ ಈ ಹಸಿರು ಚುಕ್ಕೆ ಯಾವ ಕಡೆ ಇತ್ತು?"

"ಎಡಗಡೆ ಅಂತ ಕಾಣುತ್ತೆ. ಚುಕ್ಕೆ ಎಲ್ಲಿದ್ರೇನು, ಅಕ್ಕಾ?"

"ಹಾಗಂತ ನಿನಗೆ ಅನ್ಸುತ್ತೆ. ನೀನು ಗದ್ದೆ ಮನೆಯೋನು. ಆರುಮುಗಂದೂ ತೋಟದ ಮನೆ." ಅವಳು ನನ್ನ ಕಡೆ ತಿರುಗಿದಳು. "ನಿಮಗ್ಯಾಕ್ರೀ ತಪ್ಪು ಕಾಣಲಿಲ್ಲ?"

ನಮ್ಮ ಮನೆಯಲ್ಲಿ ಮೊದಲ ಎಳೆ ಪೋಣಿಸುವುದೇ ಬಲದಿಂದ. ಆ ತುದಿಗೇ ಚುಕ್ಕೆ. ಮಗ್ಗಕ್ಕೆ ಹಣಿಗೆ ಕೂರಿಸುವಾಗ ಚುಕ್ಕೆ ಬಲಗೈಗೆ ಬರಲೇಬೇಕು. ಎಡಕ್ಕೆ ಬಂದರೆ ಅಪ್ಪ ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದರು, ಮಗನೆಂದೂ ಮೊಮ್ಮಗನೆಂದೂ ನೋಡದೆ. ಬಲಗಡೆ ಚುಕ್ಕೆ ಕಂಡ ನನ್ನ ಕಣ್ಣು ಸರಿಯಿದೆ ಎಂದುಕೊಂಡು ಸುಮ್ಮನಾಗಿತ್ತು.

"ಮಗ್ಗದ ಮನೆಯ ಕೈ ಇದನ್ನ ಹಾಕಿದ್ದು," ಎಂದಳು ಪಂಕಜಂ. "ಅವಸರದಲ್ಲಿ, ಯೋಚನೆ ಇಲ್ಲದೆ. ಇಲ್ಲಿ ಹಾಗಿರೋರು ಇಬ್ಬರೇ ಗಂಡಸರು. ಒಬ್ಬರು ನಿನ್ನೆ ಇಡೀ ರಾತ್ರಿ ನನ್ನ ಪಕ್ಕದಲ್ಲಿ ಗೊರಕೆ ಹೊಡೀತಿದ್ರು, ನನಗೆ ನಿದ್ದೆ ಬಂದಿಲ್ಲ. ಇನ್ನೊಬ್ಬ—"

ರಾಜಾಮಣಿ ಒಂದು ಹೆಜ್ಜೆ ಹಿಂದೆ ಸರಿದ.

"ಹುಚ್ಚಾ ಅತ್ತೆ? ನನ್ನ ವಂಡಿ ನಾನೇ ಕೆಡಿಸ್ಕೊಳ್ತೀನಾ?"

"ಅದನ್ನೇ ನಾನೂ ಕೇಳ್ತಿದ್ದೀನಿ. ಯಾಕೋ?"

ಅವಳು ಹಣಿಗೆಯನ್ನು ಅವನ ಕೈಗಿಟ್ಟಳು. ಹಣಿಗೆ ಗಡಗಡ ನಡುಗಿತು. ಅವನು ಬಿಡಲೂ ಇಲ್ಲ, ಹಿಡಿಯಲೂ ಆಗಲಿಲ್ಲ.

"ಹೋದ ತಿಂಗಳು ಬಿದ್ದೆನಲ್ಲ ಮಾಮಾ," ಎಂದ ನನ್ನ ಕಡೆ ನೋಡದೆ. "ಆವತ್ತಿಂದ ಹೀಗೆ. ವಂಡಿ ಹತ್ತಿದ್ರೆ ಕೈ ನಿಲ್ಲಲ್ಲ. ನಿನ್ನೆ ಆ ತಿರುವಲ್ಲಿ ಕಣ್ಣು ಮುಚ್ಕೊಂಡ್ಬಿಟ್ಟೆ. ಬಯ ಅಂತ ಹೇಳೋಕೆ ಬಾಯಿ ಬರ್ಲಿಲ್ಲ. ವಂಡಿ ಕೆಟ್ರೆ ಯಾರೂ ಕೇಳಲ್ಲ ಅನ್ಕೊಂಡೆ."

"ಅದಕ್ಕೆ ಅವನ ಹೆಸರು ಕೆಡಿಸ್ದೆಯಾ ದರಿದ್ರಾ!" ನನಗೆ ಕೈ ಎತ್ತುವಷ್ಟು ಸಿಟ್ಟು ಬಂದಿತ್ತು.

ಮಾಯಣ್ಣ ನನ್ನನ್ನು ತಡೆದ. ಅವನು ಬೈಯುತ್ತಾನೆ ಎಂದುಕೊಂಡೆ. ಬೈಯಲಿಲ್ಲ.

"ನನ್ನ ಹತ್ರ ಒಂದು ಮಾತು ಹೇಳೋದಲ್ವೇನೋ ರಾಜಾ?" ಎಂದ. "ಎಂಜಿನ್ ಕೆಟ್ಟಿದೆ ಅಂತ ನಾನೇ ಊರಿಗೆಲ್ಲ ಹೇಳ್ತಿದ್ನಲ್ಲೋ. ನಿನಗೋಸ್ಕರ ನಾನೇ ಸುಳ್ಳು ಹೇಳ್ತಿದ್ದೆ."

ರಾಜಾಮಣಿ ಗೊಳೋ ಎಂದು ಅತ್ತುಬಿಟ್ಟ. ಮೂವತ್ತು ವರ್ಷದ ಗಂಡಸು, ಎರಡು ಕಪ್ ಗೆದ್ದವನು.

ಗೇಟಿನಲ್ಲಿ ಜಾಲರಿ ಬೇಕೆಂದಿದ್ದ ಆರು ಜನರೂ ಕಾಯುತ್ತಿದ್ದರು. ಪಂಕಜಂ ಆ ಕಡೆ ಬೆರಳು ತೋರಿಸಿದಳು. ರಾಜಾಮಣಿ ಮುಖ ಒರೆಸಿಕೊಂಡು ಹೋದ. ತಮಿಳಿನಲ್ಲಿ, ಎಲ್ಲರಿಗೂ ಕೇಳುವಂತೆ, ತೂತು ಕೊರೆದದ್ದು ತಾನೇ ಎಂದ. ಯಾಕೆಂದೂ ಹೇಳಿದ.

ಒಳಗೆ ಮಾಯಣ್ಣ ಜಾಲರಿಯನ್ನು ಗಾಡಿಗೆ ಕೂರಿಸಿ ಬೋಲ್ಟು ಬಿಗಿಯುತ್ತಿದ್ದ, ಚುಕ್ಕೆ ಎಡಕ್ಕೆ. ನನ್ನ ಕೈ ಅದನ್ನು ತಿರುಗಿಸಲು ತವಕಿಸುತ್ತಿತ್ತು. ಪಂಕಜಂ ಕಣ್ಣು ಬಿಟ್ಟಳು. ಕೈ ಕಟ್ಟಿಕೊಂಡು ನಿಂತೆ.