ಕೆರೆಯ ತಳದ ಹೊಗೆ

ಫೆಬ್ರುವರಿ 12, ಬೆಳಿಗ್ಗೆ 9.40. ಬೀಳಗಿ ಠಾಣೆಗೆ ಬಂದ ಸಂಶೋಧಕಿ ರೇಷ್ಮಾಳ ದೂರು ವಿಚಿತ್ರವಾಗಿತ್ತು. ಕಳುವಾದದ್ದು ಕೆಸರು.

“ಯಾವ ಕೆಸರು?” ಇನ್ಸ್‌ಪೆಕ್ಟರ್ ಶೈಲಾ ಕೇಳಿದರು.

“ಅನಗವಾಡಿ ಕಡಿ ಹಳೇ ಕೆರಿ ತಳದ್ದರಿ. ಎರಡು ಮೀಟರ್ ಕೊಳವಿ ಇಳಿಸಿ, ಪದರ ಕೆಡದಂಗ ತಗದಿದ್ವಿ. ಗಾಳಿಯೊಳಗಿನ ಹೊಗಿ, ಧೂಳು ನೀರಿಗಿ ಬಿದ್ದು ವರ್ಷಾ ವರ್ಷಾ ತಳದಾಗ ಕೂಡತೈತ್ರಿ. ಅದನ್ನ ನೋಡಿದ್ರ ಸಾವಿರ ವರ್ಷದ ಹಿಂದಿನ ಗಾಳಿ ಹೆಂಗಿತ್ತಂತ ತಿಳೀತೈತಿ.”

ಭಾರತೀಯ ನ್ಯಾಯ ಸಂಹಿತೆ ಕಲಂ 303(2)ರಡಿ ಎಫ್‌ಐಆರ್ ದಾಖಲಾಯಿತು. 11.15ಕ್ಕೆ ಕೆರೆ ದಂಡೆಯ ಶೆಡ್ಡಿನಲ್ಲಿ ಪಂಚನಾಮೆ. ನಾಲ್ಕು ಕೊಳವೆಗಳಲ್ಲಿ ಹೋದದ್ದು ಒಂದೇ. ಲ್ಯಾಪ್‌ಟಾಪ್, ಜನರೇಟರ್ ಇದ್ದಲ್ಲೇ ಇದ್ದವು. ಉಳಿದ ಮೂರು ಕೊಳವೆಗಳಿಗೆ ಹೊದಿಸಿದ್ದ ಗೋಣಿಚೀಲಗಳನ್ನು ಕಾನ್‌ಸ್ಟೆಬಲ್ ಗುರುಪಾದ ಮುಟ್ಟಿ ನೋಡಿದ.

“ಹಸಿ ಅದಾವ್ರಿ ಮೇಡಂ.”

“ಇವತ್ತು ನಾನು ನೀರ ಹೊಡದಿಲ್ರಿ,” ಎಂದಳು ರೇಷ್ಮಾ.

“ಅಂದ್ರ ಕಳ್ಳನ ಹೊಡದಾನ. ಒಣಗಬಾರದು ಅಂತ ಯಾರಿಗೆ ಗೊತ್ತಿತ್ತು?” ಎಂದರು ಶೈಲಾ.

“ನಮ್ಮ ತಂಡದವರು ಮೊನ್ನೇನ ಧಾರವಾಡಕ್ಕ ಹೋದ್ರು. ಇನ್ನ…” ರೇಷ್ಮಾ ಅನುಮಾನಿಸಿದಳು. “ಕೆಸರು ತಗಿಯುವಾಗ ಐದು ದಿನ ನಮ್ಮ ತೆಪ್ಪ ನಡಿಸಿದ ಅಮಸಿದ್ದಪ್ಪಗ ಗೊತ್ತೈತ್ರಿ.”

ಕುರಿಗಾರ ಅಮಸಿದ್ದಪ್ಪನಿಗೆ ಐವತ್ತೆಂಟು ವರ್ಷ. 12.50ಕ್ಕೆ ಜೀಪು ಮನೆ ಮುಂದೆ ನಿಂತಾಗ ಅವನು ಓಡಲಿಲ್ಲ.

“ಕೊಳವಿ ಎಲ್ಲೈತಿ?”

“ಹಗೇವಿನ್ಯಾಗರಿ.”

ಜೋಳ ತುಂಬಿಡುವ ಆ ನೆಲದ ಕುಳಿಯಲ್ಲಿ ಕಾಳಿರಲಿಲ್ಲ. ಒಳಗಿನ ತಂಪಿನಲ್ಲಿ, ಹಸಿ ಕಂಬಳಿ ಸುತ್ತಿ, ಅಲುಗದಂತೆ ಗೂಟಕ್ಕೆ ಕಟ್ಟಿ, ಕೊಳವೆಯನ್ನು ನೆಟ್ಟಗೆ ನಿಲ್ಲಿಸಿದ್ದ. ಜೀಪಿನಲ್ಲಿ ಜೊತೆಗೆ ಬಂದಿದ್ದ ರೇಷ್ಮಾ ಕಂಬಳಿ ಸರಿಸಿ, ಟಾರ್ಚ್ ಬಿಟ್ಟು ನೋಡಿದಳು. ಪಾರದರ್ಶಕ ಕೊಳವೆಯೊಳಗೆ ಒಂದು ಪದರವೂ ಕದಡಿರಲಿಲ್ಲ.

“ಯಾಕ ತಂದ್ರಿ?” ಶೈಲಾ ಕೇಳಿದರು.

ಅವನು ಕೊಳವೆಯ ನಡುವಿನ ಕರಿ ಪಟ್ಟಿಯ ಮೇಲೆ ಬೆರಳಿಟ್ಟ. “ಇದು ಕಬ್ಬಿಣ ಕರಗಿಸಿದ ಕುಲುಮಿ ಹೊಗಿ ಅಂತ ಈ ಬಾಯಾರು ಹೇಳಿದ್ರು. ಕುರಿ ಸಾಕೂಕ್ಕಿಂತ ಮೊದಲ ನಮ್ಮ ಹಿರ್ಯಾರು ಈ ದಿನ್ನಿ ಮ್ಯಾಲ ಕಬ್ಬಿಣ ಕರಗಸತಿದ್ರು ಅಂತ ನಮ್ಮಾಯಿ ಹೇಳತಿದ್ಲು. ನಾ ಹಂಗಂದ್ರ ಊರಾಗ ನಗತಾರ. ನಾಳಿ ಇದನ್ನ ಪರೀಕ್ಷಾಕ್ಕ ಒಯ್ದು ಪುಡಿ ಮಾಡತಾರಂತ. ಆಮ್ಯಾಲ ನನ್ನ ಮಾತಿಗಿ ಸಾಕ್ಷಿ ಏನೈತ್ರಿ?”

“ಕಾಕಾ, ಅರ್ಧಾ ಹಂಗ ಉಳಸ್ತೀವಿ,” ಎಂದಳು ರೇಷ್ಮಾ. “ಆದ್ರ ಯಾರ ಕುಲುಮಿ ಅಂತ ಕೆಸರು ಹೇಳೂದಿಲ್ಲ. ಇಲ್ಲಿ ಕುಲುಮಿ ಇತ್ತಂತ ಅಷ್ಟ ಹೇಳತೈತಿ.”

“ಅಷ್ಟ ಸಾಕವಾ. ಯಾರದಂತ ನಮ್ಮಾಯಿ ಹೇಳ್ಯಾಳ.” ರೇಷ್ಮಾಳತ್ತ ತಿರುಗಿ ಸೇರಿಸಿದ: “ನಿನ್ನ ಕೇಳಬೇಕಿತ್ತು. ತಪ್ಪಾತು.”

ಮಧ್ಯಾಹ್ನ 2.30ಕ್ಕೆ ಬಂಧನ. ಬಂಧನ ಪತ್ರದಲ್ಲಿ ಕೃತ್ಯದ ಕಾರಣದ ಜಾಗದಲ್ಲಿ ಶೈಲಾ ತಾವೇ ಬರೆದರು: ಲಾಭದ ಉದ್ದೇಶ ಕಂಡುಬಂದಿಲ್ಲ, ಮನೆತನದ ಅಭಿಮಾನ.

ಉದ್ಯೋಗದ ಮುಂದೆ ಗುರುಪಾದ ‘ಕುರಿ ಸಾಕಣೆ’ ಎಂದು ತುಂಬಿದ.

“ತಮ್ಮಾ, ಕಬ್ಬಿಣ ಕರಗಿಸಿದವರ ಮನಿತನ ಅಂತನೂ ಹಚ್ಚಪಾ,” ಎಂದ ಅಮಸಿದ್ದಪ್ಪ.

ಗುರುಪಾದ ಮೇಡಂ ಮುಖ ನೋಡಿದ.

“ಬರಿ,” ಎಂದರು ಶೈಲಾ.

ಅಮಸಿದ್ದಪ್ಪ ರುಮಾಲು ಬಿಚ್ಚಿ, ಕೊಡವಿ, ಬಿಗಿಯಾಗಿ ಸುತ್ತಿಕೊಂಡ. ಯಾರೂ ಕೈ ಹಿಡಿಯುವ ಮೊದಲೇ ತಾನಾಗಿ ಜೀಪು ಹತ್ತಿದ.