ಬೋರಲು ಮಲಗಿದ ಕಲ್ಲು

ಹೊಸ ರಾಜಧಾನಿ ಕಟ್ಟುವವನು ತಮ್ಮ. ಅದರಡಿ ಮಲಗಿದ್ದ ಹಳೆಯ ಪಟ್ಟಣವನ್ನು ಕಾಯುವವಳು ಅಕ್ಕ. ಮಡಕೆ ಚೂರು ಸಿಕ್ಕಿತೆಂದು ಒಮ್ಮೆ, ಇಟ್ಟಿಗೆ ಸಾಲು ಕಂಡಿತೆಂದು ಇನ್ನೊಮ್ಮೆ, ಪುರಾತತ್ವ ಇಲಾಖೆಯ ಒಂದೇ ಸಹಿಯಿಂದ ಅವಳು ಕೆಲಸ ನಿಲ್ಲಿಸಿದ್ದಳು. ಮತ್ತೆ ನಿಂತರೆ ನಿನ್ನ ಜಾಗಕ್ಕೆ ಬೇರೆ ಎಂಜಿನಿಯರ್ ಬರುತ್ತಾನೆ ಎಂದು ತಮ್ಮನಿಗೆ ಅವನ ಮೇಲಧಿಕಾರಿ ನಗುನಗುತ್ತಲೇ ಹೇಳಿದ್ದರು. ಹನ್ನೊಂದು ವರ್ಷ ಕನಸಿನಲ್ಲೂ ಈ ಊರಿನ ಬೀದಿಗಳಲ್ಲೇ ಓಡಾಡಿದವನಿಗೆ ಮಾತಿಗಿಂತ ಆ ನಗು ಹೆಚ್ಚು ಸುಟ್ಟಿತು.

"ಅಲ್ವೋ, ಶಾಸನಸಭೆ ಕಟ್ತೀರಿ, ಒಂದಾದ್ರೂ ಶಾಸನ ಸಿಗಬಾರದೇನೋ?" ಎಂದು ಅಕ್ಕ ಛೇಡಿಸುತ್ತಿದ್ದಳು. ಹಳೆಯ ಪಟ್ಟಣದ ಹೆಸರು ಹೇಳುವ ಒಂದು ಬರಹ, ಅಷ್ಟೇ ಅವಳ ಆಸೆ.

ಸಿಕ್ಕಿತು. ಸಿಕ್ಕಿದ್ದು ಅವನಿಗೆ.

ಕೆಲಸಗಾರರು ಊಟಕ್ಕೆ ಹೋಗಿದ್ದಾಗ ನೆಲಮಾಳಿಗೆಯ ಅಂಚು ಕುಸಿದು, ಬಾಗಿಲಗಲದ ಕಲ್ಲೊಂದು ಹೊರಬಂತು. ಮೈಮೇಲೆ ಆಳವಾಗಿ ಕೊರೆದ ಏಳು ಸಾಲು ಅಕ್ಷರ. ಅವನಿಗೆ ಓದಲು ಬಾರದು. ಆದರೆ ಅದನ್ನು ಕಂಡರೆ ಅಕ್ಕನ ಮುಖ ಹೇಗೆ ಅರಳುತ್ತದೆಂದು ಗೊತ್ತು. ಎದೆಯೊಳಗೆ ಮುಳ್ಳು ಮುರಿದಂತಾಯಿತು. ನುಂಗಿಕೊಂಡ.

ಉಪಾಯ ಸಲೀಸಾಗಿತ್ತು. ಕ್ರೇನನ್ನು ತಾನೇ ನಡೆಸಿ, ಅಕ್ಷರ ಯಾರ ಕಣ್ಣಿಗೂ ಬೀಳದಂತೆ ಕಲ್ಲನ್ನು ಹೊಸ ನೆಲದ ಮೂಲೆಯಲ್ಲಿ ಬೋರಲು ಮಲಗಿಸಿದ. ಕೇಳಿದವರಿಗೆ ಬಂಡೆ ಎಂದ. ಮರುದಿನ, ಮತ್ತೆ ಊಟದ ಹೊತ್ತಿಗೆ, ತಾನೇ ಎತ್ತಿ ಲಾರಿಗೆ ಹಾಕಿ ಕ್ರಷರಿಗೆ ಕಳಿಸಿದ. ಸಂಜೆಗೆ ಏಳು ಸಾಲೂ ಜಲ್ಲಿ. ಕಲ್ಲು ಮಲಗಿದ್ದ ಜಾಗವನ್ನು ನೋಡಲು ಮಾತ್ರ ಮನಸ್ಸು ಒಪ್ಪಲಿಲ್ಲ. ಹೆಣದ ಮುಖ ಮುಚ್ಚುವವನಂತೆ ಕಣ್ಣು ತಪ್ಪಿಸಿಯೇ ಅದರ ಮೇಲೆ ಒದ್ದೆ ಗೋಣಿ ಹೊದಿಸಿದ. ಕಾಂಕ್ರೀಟು ಗಟ್ಟಿಯಾಗಲು ಎಲ್ಲ ಕಡೆಯೂ ಹೊದಿಸುತ್ತಾರೆ, ಯಾರಿಗೆ ಅನುಮಾನ?

ವಾರ ಕಳೆದು ಅಕ್ಕ ತಪಾಸಣೆಗೆ ಬಂದಳು. ಡಬ್ಬಿಯಲ್ಲಿ ಅವನಿಗೂ ಊಟ ತಂದಿದ್ದಳು. ಅವನು ಎರಡು ತುತ್ತು ತಿಂದು ಡಬ್ಬಿ ಮುಚ್ಚಿದ.

"ಏನೂ ಸಿಗಲಿಲ್ವೇನೋ?"

"ಇಲ್ಲಕ್ಕ. ಬರೀ ಮಣ್ಣು."

ಅವಳು ನಂಬಿದಳು. ಮರುಮಾತಿಲ್ಲದೆ ಸಹಿ ಹಾಕಲು ಪೆನ್ನು ತೆಗೆದಳು. ಆ ನಂಬಿಕೆಯನ್ನೇ ತಾಳಲಾಗದೆ ಅವನು, ಬೇಡವೆಂದರೂ ಕೇಳದೆ, ಮೂಲೆಮೂಲೆಗೂ ಅವಳನ್ನು ಕರೆದೊಯ್ದು ತನ್ನ ಕೈಯಾರೆ ಗೋಣಿ ಸರಿಸುತ್ತ ಹೋದ: "ನೋಡು, ಬರೀ ಸಿಮೆಂಟು."

ಕೊನೆಯ ಗೋಣಿ ಸರಿದಾಗ ಅಕ್ಕ ಕುಕ್ಕರಗಾಲಲ್ಲಿ ಕೂತು, ನಿಂತ ನೀರನ್ನು ಅಂಗೈಯಿಂದ ಬಳಿದಳು. ಕಲ್ಲು ಮಲಗಿಸಿದ ದಿನ ನೆಲ ಇನ್ನೂ ಹಸಿಯಾಗಿತ್ತು. ಏಳು ಸಾಲೂ ಅಲ್ಲಿ ಉಬ್ಬಿ ನಿಂತಿದ್ದವು, ಅಚ್ಚೊತ್ತಿದ ಹಾಗೆ, ಎಡಬಲ ತಿರುವಿಕೊಂಡು. ಅವಳ ಬೆರಳು ಬಲದಿಂದ ಎಡಕ್ಕೆ ನಿಧಾನವಾಗಿ ಸರಿದು, ಪಟ್ಟಣದ ಹೆಸರಿನ ಮೇಲೆ ನಿಂತಿತು. ತಲೆಯೆತ್ತದೆಯೇ ಕೇಳಿದಳು: "ಸಿಮೆಂಟಿಗೆ ಯಾವಾಗ ಅಕ್ಷರ ಕಲಿಸಿದ್ಯೋ, ತಮ್ಮ?"